ಟುವಾಲಿನೊಳಗಿನ ಖಾತ್ರಿ

ಬನವಾಸಿ
ಸೋಮವಾರ, ೨೦-೪-೧೯೬೪

ಶಿರಸಿಯ ಕೇರಂ ಚಾಂಪಿಯನ್ ಸಾಹೇಬರಿಗೆ,

ಗಂಡನಿಗೆ ಕಾಗದ ಬರೆಯುವಾಗ ಮೊದಲು ಪಾದಕ್ಕೆ ನಮಸ್ಕಾರ ಬರೆಯಬೇಕು ಅಂತ ಅವ್ವ ಕಲಿಸಿದ್ದಾಳೆ. ಕೈ ಏಳಲಿಲ್ಲ, ಬಿಟ್ಟಿದ್ದೇನೆ. ‘ಇತ್ತ ಕ್ಷೇಮ’ ಎಂದೂ ಬರೆಯುವುದಿಲ್ಲ, ಕ್ಷೇಮ ಇಲ್ಲ. ಸಂಕ್ರಾಂತಿ ಮುಗಿಸಿ ನಾನು ತವರಿಗೆ ಬಂದ ಮೇಲೆ ನೀವು ಬರೆದ ಕಾಗದಗಳೆಲ್ಲ ತಲುಪಿವೆ. ಎಲ್ಲದರಲ್ಲೂ ಒಂದೇ ಪಾಠ, ‘ಸಿಟ್ಟು ಬಿಟ್ಟು ಬಾ, ನನ್ನನ್ನು ನಂಬು.’ ಈಗ ಉತ್ತರ ಬರೆಯುತ್ತಿರುವುದು ಬರುತ್ತೇನೆ ಎಂದು ಹೇಳುವುದಕ್ಕಲ್ಲ. ನಿನ್ನೆ ನನ್ನ ತಮ್ಮ ಮಧುಕೇಶ್ವರ ಒಂದು ಕೆಂಪು ಹ್ಯಾಂಡ್‌ಬಿಲ್ಲು ಹಿಡಿದುಕೊಂಡು ಕುಣಿಯುತ್ತ ಮನೆಗೆ ಬಂದ. ಅದಕ್ಕಾಗಿ ಬರೆಯುತ್ತಿದ್ದೇನೆ.

ಅದರಲ್ಲಿ ಏನು ಅಚ್ಚಾಗಿದೆ ಎಂದು ನಿಮಗೆ ಗೊತ್ತಿಲ್ಲದೆ ಇಲ್ಲ. ಬಸವ ಜಯಂತಿಯ ಮರುದಿನದಿಂದ ಶಿರಸಿಯಲ್ಲಿ ಎರಡನೆಯ ವರ್ಷದ ಭಾರಿ ಕೇರಂ ಪಂದ್ಯಾವಳಿ. ಆಟಗಾರರು ಎಷ್ಟು ಬರಲಿ ಬಿಡಲಿ, ಮೊದಲ ಬಹುಮಾನ ಸಾವಿರದ ಒಂದು ರೂಪಾಯಿ ಖಾತ್ರಿ. ಪ್ರವೇಶಕ್ಕೆ ಇಪ್ಪತ್ತೈದು ರೂಪಾಯಿ. ಕೆಳಗೆ ಅಡಿಕೆ ವ್ಯಾಪಾರಿ ಶಿವಲಿಂಗಪ್ಪ ಸಾಹುಕಾರರ ಹೆಸರು. ಅದರ ಕೆಳಗೆ ದಪ್ಪಕ್ಷರದಲ್ಲಿ, ‘ಹೋದ ವರ್ಷ ಐನೂರ ಒಂದು ರೂಪಾಯಿ ಗೆದ್ದ ಶ್ರೀ ನಾಗಪ್ಪನವರೇ ಈ ಸಲದ ಪಂಚರು ಹಾಗೂ ಬಹುಮಾನಕ್ಕೆ ಜಾಮೀನುದಾರರು.’

ಜಾಮೀನುದಾರರಂತೆ! ಓದಿ ಒಲೆಯ ಮುಂದೆ ಕೂತವಳು ಏಳಲಿಲ್ಲ. ರೊಟ್ಟಿ ಸೀದು ಹೋಯಿತು.

ನನ್ನ ತಮ್ಮ ಏನು ಮಾಡಿದ್ದಾನೆ ಗೊತ್ತೇನು? ತಾನೇ ಸಾಕಿದ ಹೋರಿಗರು ಮಾರಿ ಪ್ರವೇಶದ ಹಣ ಹೊಂದಿಸಿದ್ದಾನೆ. ಇಷ್ಟೇ ಆಗಿದ್ದರೆ ಹಾಳಾಗಲಿ ಎನ್ನುತ್ತಿದ್ದೆ. ಅಕ್ಕಿ ಗಿರಣಿಯ ಕೆಲಸಕ್ಕೆ ಇನ್ನು ಬರುವುದಿಲ್ಲ ಎಂದು ಮಾಲೀಕರಿಗೆ ಹೇಳಿ ಬಂದಿದ್ದಾನೆ. ಹಾವೇರಿ, ಹುಬ್ಬಳ್ಳಿ ಎಂದು ಪಂದ್ಯ ಆಡಿಕೊಂಡೇ ಬದುಕುತ್ತಾನಂತೆ. ಬಯ್ದರೆ ನಗುತ್ತಾನೆ. “ಅಕ್ಕಾ, ಭಾವಾರ ಜಾಮೀನು ನಿಂತಾರಂದ್ಮ್ಯಾಲೆ ಇನ್ನೇನು ಹೆದರಿಕಿ? ಗೆದ್ರ ಸಾವಿರ ಎಣಿಸ್ಕೊಂಡು ಬರೂದಷ್ಟ” ಎನ್ನುತ್ತಾನೆ. ಅವನು ಗೆಲ್ಲುತ್ತಾನೆ ಎಂಬುದೇ ನನ್ನ ಹೆದರಿಕೆ. ಸ್ಟ್ರೈಕರ್ ಹಿಡಿಯುವುದನ್ನು ಅವನಿಗೆ ಕಲಿಸಿದವರೇ ನೀವು. ಚೆನ್ನಾಗಿ ಕಲಿಸಿದ್ದೀರಿ.

ಇಲ್ಲಿ ನಿಮ್ಮ ಬಗ್ಗೆ ಜನ ಏನಂತಾರೆ ಎಂದು ಕೇಳಬೇಕೇ? ಇಸ್ಪೀಟಿನಲ್ಲಿ ಕಳೆದ ಎನ್ನುವವರು ಕೆಲವರು. ಸಿದ್ದಾಪುರದಲ್ಲಿ ಯಾವಳನ್ನೋ ಇಟ್ಟುಕೊಂಡಿದ್ದಾನೆ, ಹಣ ಅಲ್ಲಿಗೆ ಹೋಗಿದೆ ಎನ್ನುವವರು ಉಳಿದವರು. ಅವ್ವ ಎರಡನ್ನೂ ನಂಬುತ್ತಾಳೆ. “ಐನೂರು ರೂಪಾಯಿ ಅಂದ್ರ ಹುಣಸಿಬೀಜ ಏನ? ಗೆದ್ದದ್ದನ್ನ ಊರೆಲ್ಲಾ ನೋಡೇತಿ, ಹೆಂಡ್ತಿ ಕೈಗೆ ಒಂದು ರೂಪಾಯಿ ಬರಲಿಲ್ಲ ಅಂದ್ರ ಏನರ್ಥ?” ಎಂದು ದಿನಾ ಬೆಳಿಗ್ಗೆ ಶುರು ಮಾಡುತ್ತಾಳೆ. ನಾನು ಪಾತ್ರೆ ತಿಕ್ಕುತ್ತೇನೆ.

ಊರೆಲ್ಲ ನೋಡಿದ್ದು ನಿಜ. ನಾನೂ ನೋಡಿದೆ. ಸಾಹುಕಾರರ ಅಡಿಕೆ ವಖಾರಿಯ ಹಿಂದಿನ ಚಪ್ಪರದಲ್ಲಿ ಹೆಂಗಸರ ಸಾಲಿನಲ್ಲಿ ಕೂತು, ನೀವು ಯಲ್ಲಾಪುರದ ಶಾಂತಾರಾಮನ ಎದುರು ಆಡಿದ ಫೈನಲ್ ಪೂರ್ತಿ ನೋಡಿದೆ. ಕೊನೆಯ ಬೋರ್ಡಿನಲ್ಲಿ ಕೆಂಪು ಕಾಯಿ ಮೂಲೆಯ ತೂತಿಗೆ ಬಿದ್ದಾಗ ಪಕ್ಕದ ಮನೆ ಸೀತಮ್ಮನ ತೊಡೆಗೆ ಹೊಡೆದು ಕೂಗಿಬಿಟ್ಟಿದ್ದೆ. ಆಗ ನಿಮ್ಮ ಮೇಲೆ ಎಷ್ಟು ಹೆಮ್ಮೆ ಇತ್ತು ಎಂದರೆ, ಇವತ್ತು ಅದನ್ನು ನೆನೆಸಿಕೊಂಡರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಬಹುಮಾನ ಕೊಡುವ ಮುಂಚೆ ಸಾಹುಕಾರರು ನಿಮ್ಮ ಪಕ್ಕಕ್ಕೆ ಬಂದರು. ಹೆಗಲ ಮೇಲಿನ ಟುವಾಲು ತೆಗೆದು ನಿಮ್ಮ ಕೈಮೇಲೆ ಹಾಸಿದರು, ಅದರೊಳಗೆ ತಮ್ಮ ಕೈ ತೂರಿಸಿದರು. ಅಡಿಕೆಯ ದರ ಮುರಿಯುವಾಗ ವ್ಯಾಪಾರಿಯೂ ದಲಾಲನೂ ಹಾಗೆ ವಸ್ತ್ರದೊಳಗೆ ಬೆರಳು ಹಿಡಿದು ಮಾತಾಡುವುದನ್ನು ಶಿರಸಿಯಲ್ಲಿ ಯಾರು ನೋಡಿಲ್ಲ? ಜನ ನಕ್ಕರು. “ಸಾಹುಕಾರ್ರು ನಾಗಪ್ಪನ್ನೂ ಖರೀದಿಗೆ ಹಿಡಿದ್ರಪಾ!” ಎಂದು ಯಾರೋ ಕೂಗಿದರು. ನಾನೂ ನಕ್ಕೆ. ಆಮೇಲೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಅದರ ಮೇಲೆ ಕುಂಕುಮ ಹಚ್ಚಿದ ದಪ್ಪ ಲಕೋಟೆ. ನೀವು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಿರಿ. ಚಪ್ಪಾಳೆ ನಿಲ್ಲಲೇ ಇಲ್ಲ.

ಆ ಹಣದಲ್ಲಿ ಎರಡನೆಯ ಹೊಲಿಗೆ ಮಿಷನ್ನು ಬರಬೇಕಿತ್ತು, ನನಗೆ. ದರ್ಜಿ ಅಂಗಡಿಯಲ್ಲಿ ನೀವು, ಮನೆಯಲ್ಲಿ ನಾನು. ಮುಲ್ಕಿ ಪರೀಕ್ಷೆ ಪಾಸಾದವಳು ಸುಮ್ಮನೆ ಯಾಕೆ ಕೂರಬೇಕು ಎಂದು ಮದುವೆಯಾದ ವರ್ಷವೇ ಹೇಳಿದವರು ನೀವು. ನಾನು ಕೇಳಿದೆ, ಹಣ ಎಲ್ಲಿ? ಬ್ಯಾಂಕಿನಲ್ಲಿಟ್ಟಿದ್ದೇನೆ ಎಂದಿರಿ. ಮಳೆಗಾಲದಲ್ಲಿ ಕೇಳಿದೆ. ಸಿದ್ದಾಪುರದ ಗೆಳೆಯ ವೆಂಕಟ್ರಮಣ ಕಷ್ಟದಲ್ಲಿದ್ದ, ಕೈಗಡ ಕೊಟ್ಟೆ ಎಂದಿರಿ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ನಾನು ಒಂದು ವಾರ ನಿಮ್ಮನ್ನು ಅಂದೆ. ದೀಪಾವಳಿ ಹೊತ್ತಿಗೆ ಕೇಳಿದಾಗ, ಹುಬ್ಬಳ್ಳಿಯಲ್ಲಿ ಮಿಷನ್ನಿಗೆ ಹೇಳಿದ್ದೇನೆ, ಲಾರಿಯಲ್ಲಿ ಬರುತ್ತದೆ ಎಂದಿರಿ.

ನಾನು ಕಿಟಕಿ ಪಕ್ಕದ ಮೂಲೆ ಖಾಲಿ ಮಾಡಿದೆ. ಸಗಣಿ ಸಾರಿಸಿ ರಂಗೋಲಿ ಎಳೆದೆ. ಸೀತಮ್ಮ ಎರಡು ಕುಪ್ಪಸದ ಬಟ್ಟೆ ತಂದಳು. ಬೇಡ ಎಂದರೂ ಬಿಡದೆ, “ಮೊದಲ ಬೋಣಿ ನಂದೇ ಆಗ್ಲಿ” ಎಂದು ಇಟ್ಟು ಹೋದಳು. ಯಾವ ಲಾರಿಯೂ ಬರಲಿಲ್ಲ. ದಿನಾ ನೀವು ಅಂಗಡಿಯಿಂದ ಬಂದು ಆ ರಂಗೋಲಿ ದಾಟಿಕೊಂಡು ಹೋಗಿ ಕೈಕಾಲು ತೊಳೆದು ಊಟಕ್ಕೆ ಕೂರುತ್ತಿದ್ದಿರಿ. ಒಂದು ದಿನವೂ ಆ ಕಡೆ ಕಣ್ಣು ಹಾಯಿಸಲಿಲ್ಲ. ಸಂಕ್ರಾಂತಿಯ ಮರುದಿನ ಕುಪ್ಪಸದ ಬಟ್ಟೆ ಸೀತಮ್ಮನಿಗೆ ವಾಪಸ್ ಕೊಟ್ಟು ಬನವಾಸಿಯ ಬಸ್ಸು ಹತ್ತಿದೆ.

ಈಗ ಕೇಳಿ. ಶಿವರಾತ್ರಿಗೆ ಸಾಹುಕಾರರ ಹೆಂಡತಿ ಪಾರ್ವತವ್ವ ಮಧುಕೇಶ್ವರ ದೇವರ ದರ್ಶನಕ್ಕೆ ಇಲ್ಲಿಗೆ ಬಂದಿದ್ದರು. ಗುಡಿಯ ಅಂಗಳದಲ್ಲಿ ನನ್ನನ್ನು ಕಂಡು ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು. “ನಿನ್ನ ಗಂಡ ದೇವರಂಥಾವ ಬಿಡವಾ. ಖಾಲಿ ಲಕೋಟಿ ಇಸ್ಕೊಂಡು ನಕ್ಕೋತ ನಮಸ್ಕಾರ ಮಾಡಿದ, ನಮ್ಮನಿ ಮಾನ ಉಳಿಸಿದ” ಎಂದರು. ಆಟಗಾರರು ಅಂದುಕೊಂಡಷ್ಟು ಬರಲಿಲ್ಲವಂತೆ. ಅಡಿಕೆಯ ದರ ಬಿದ್ದಿತ್ತಂತೆ. ಟುವಾಲಿನೊಳಗೆ ಸಾಹುಕಾರರು ನಿಮ್ಮ ಐದು ಬೆರಳು ಒತ್ತಿ, ಐನೂರು ಖಾತ್ರಿ, ಆದರೆ ಈಗಲ್ಲ ದೀಪಾವಳಿಗೆ ಎಂದರಂತೆ. ನೀವು ಬೆರಳು ಮರಳಿ ಒತ್ತಿದಿರಂತೆ. ಮುಗಿಯಿತು ವ್ಯಾಪಾರ.

ಯಲ್ಲಾಪುರದ ಶಾಂತಾರಾಮನಿಗೆ ಎರಡನೆಯ ಬಹುಮಾನ ನೂರ ಐವತ್ತು ರೂಪಾಯಿ ನಗದಾಗಿ ಸಿಕ್ಕಿತು. ಚಪ್ಪರದ ಬಾಗಿಲಲ್ಲೇ ನೋಟು ಎಣಿಸುತ್ತ ಜೊತೆಯವನಿಗೆ “ಎಂತ ಮಾರಾಯ, ಸೋತ್ರೂ ಬೇಜಾರಿಲ್ಲೆ” ಎನ್ನುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಸೋತವನಿಗೆ ಹಣ, ಗೆದ್ದವನಿಗೆ ಯಾಕಿಲ್ಲ ಎಂದು ಪಾರ್ವತವ್ವನನ್ನು ಕೇಳಿದೆ. “ಅಂವ ಪರ ಊರಾಂವ, ಕೊಡದಿದ್ರ ಡಂಗುರ ಹೊಡೀತಿದ್ದ. ನಿನ್ನ ಗಂಡ ನಮ್ಮಾವ, ತಡ್ಕೊಂತಾನ” ಎಂದರು. ಹಾಗೆಂದು ನನ್ನ ಕೈಗೆ ಪ್ರಸಾದ ಕೊಟ್ಟು ಹೋದರು.

ಹಾಗಾದರೆ ಗಂಡ ಹಣ ತಿಂದಿಲ್ಲ, ಯಾವಳಿಗೂ ಕೊಟ್ಟಿಲ್ಲ ಎಂದು ನಾನು ಸಂತೋಷಪಟ್ಟು ಗಂಟು ಕಟ್ಟುತ್ತೇನೆ ಎಂದುಕೊಂಡಿರಾ? ತಿಂದಿದ್ದರೆ ಒಂದು ದಿನ ಜಗಳವಾಡಿ ಬಿಡುತ್ತಿದ್ದೆ. ನೀವು ಮಾಡಿದ್ದು ಅದಕ್ಕಿಂತ ಹೆಚ್ಚಿನದು. ಸಾಹುಕಾರರ ಮಾನ ಉಳಿಯಲಿ ಎಂದು ನಿಮ್ಮ ಮಾನ ಕೊಟ್ಟಿರಿ, ಅದು ನಿಮ್ಮದು. ಅದರ ಜೊತೆಗೆ ನನ್ನದನ್ನೂ ಕೊಡಲು ನಿಮಗೆ ಯಾರು ಹೇಳಿದರು? ಮನೆಗೆ ಮಾರಿ, ಪರರಿಗೆ ಉಪಕಾರಿ. ಮಾತಿಗೆ ತಪ್ಪಿದವರ ಮೇಲೆ ನಿಮಗೆ ಅಷ್ಟು ನಂಬಿಕೆ. ಒಂದೇ ತಟ್ಟೆಯಲ್ಲಿ ಉಂಡವಳ ಮೇಲೆ ಇಷ್ಟೂ ಇಲ್ಲ.

ನಿಮ್ಮ ಉತ್ತರ ನನಗೆ ಗೊತ್ತು. ನಿಮ್ಮ ಅಪ್ಪ ಅಡಿಕೆ ದಲಾಲರಾಗಿದ್ದವರು. ವಸ್ತ್ರದೊಳಗೆ ಆಡಿದ ಮಾತನ್ನು ಹೊರಗೆ ಹೇಳಿದವನಿಂದ ಪೇಟೆಯಲ್ಲಿ ಮತ್ತೆ ಯಾರೂ ಕೈ ಮುಟ್ಟಿಸಿಕೊಳ್ಳುವುದಿಲ್ಲ ಎಂದು ಅವರು ನಿಮಗೆ ಕಲಿಸಿದ್ದು, ಅದನ್ನು ನೀವು ನನಗೆ ಹೆಮ್ಮೆಯಿಂದ ಹೇಳಿದ್ದು, ಎರಡೂ ನೆನಪಿದೆ. ಸ್ವಾಮಿ, ಅದು ಅಡಿಕೆ. ಪಂದ್ಯ ಅಡಿಕೆಯಲ್ಲ. ಖಾತ್ರಿ ಎಂದು ಊರೂರಿಗೆ ಅಚ್ಚು ಹಾಕಿಸಿ ಹಂಚಿದ ಮೇಲೆ ಅದಕ್ಕೆ ವಸ್ತ್ರ ಹೊದೆಸುವ ಹಕ್ಕು ನಿಮಗೂ ಇಲ್ಲ, ಅವರಿಗೂ ಇಲ್ಲ.

ನಾವು ಭತ್ತ ಬೆಳೆಯುವ ಜನ. ನಮ್ಮ ಕಣದಲ್ಲಿ ಅಪ್ಪ ಕೊಳಗ ತುಂಬಿ ಸುರಿಯುವಾಗ ಒಂದು ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದ. ಲಾಭ, ಎರಡು, ಮೂರು ಎಂದು ದನಿ ಎತ್ತಿ ಎಣಿಸುತ್ತಿದ್ದ. ಕೊಳ್ಳುವವನಿಗೂ ಕೇಳುತ್ತಿತ್ತು, ಆಳಿಗೂ ಕೇಳುತ್ತಿತ್ತು, ಬೇಲಿಯಾಚೆ ಹೋಗುವವನಿಗೂ ಕೇಳುತ್ತಿತ್ತು. ಆಮೇಲೆ ಯಾರೂ ಯಾರನ್ನೂ ನಂಬುವ ಪ್ರಮೇಯವೇ ಇರಲಿಲ್ಲ. ನನಗೆ ಗೊತ್ತಿರುವ ಖಾತ್ರಿ ಅದೊಂದೇ.

ಹೋದ ವರ್ಷ ನೀವು ಮೋಸ ಹೋದವರು. ಅಯ್ಯೋ ಪಾಪ ಎನ್ನಬಹುದಿತ್ತು. ಈ ವರ್ಷ ಜಾಮೀನು ಎಂದು ಹೆಸರು ಹಾಕಿಸಿಕೊಂಡು ಮೋಸ ಮಾಡುವವರ ಸಾಲಿಗೆ ಬಂದಿದ್ದೀರಿ. ಸಾಹುಕಾರರು ಕೇಳಿದರು, ಇಲ್ಲ ಎನ್ನಲಾಗಲಿಲ್ಲ, ಅಲ್ಲವೇ? ಜಾಮೀನು ನಿಂತರೆ ಹಳೆಯ ಐನೂರು ಸೇರಿಸಿ ಕೊಡುತ್ತೇನೆ ಎಂದಿರಬೇಕು. ಯಾರ ಹಣದಲ್ಲಿ? ನನ್ನ ತಮ್ಮನ ಹೋರಿಗರುವಿನ ಹಣದಲ್ಲಿ, ಅವನಂಥವರ ಇಪ್ಪತ್ತೈದರಲ್ಲಿ. ಥೂ!

ಮಧುವಿಗೆ ನಿಜ ಹೇಳಿ ನಾನೇ ತಡೆಯಬಹುದಿತ್ತು. ತಡೆದಿಲ್ಲ. ನಾನು ಹೇಳಿದರೆ ಅವನೊಬ್ಬ ಉಳಿಯುತ್ತಾನೆ. ಯಲ್ಲಾಪುರದಿಂದ, ಸಿದ್ದಾಪುರದಿಂದ, ಹಾವೇರಿಯಿಂದ ನಿಮ್ಮ ಹೆಸರು ನೋಡಿ ಬರುವವರಿಗೆ ಹೇಳಬೇಕಾದವರು ನೀವು.

ಮೊದಲ ದಿನ, ಮೊದಲ ಬೋರ್ಡಿಗೆ ಪೌಡರ್ ಹಾಕುವ ಮುಂಚೆ, ಎದ್ದು ನಿಲ್ಲಿ. ಹೋದ ವರ್ಷದ ಲಕೋಟೆಯಲ್ಲಿ ಹಣ ಇರಲಿಲ್ಲ ಎಂದು ಹೇಳಿ. ಈ ಸಲದ ಸಾವಿರದ ಒಂದನ್ನು ಸಾಹುಕಾರರು ಬೋರ್ಡಿನ ಮೇಲೆ ಎಲ್ಲರೆದುರು ಲಾಭ, ಎರಡು, ಮೂರು ಎಂದು ಎಣಿಸಿ ಇಡಲಿ. ಆಗದಿದ್ದರೆ ಬಂದವರ ಹಣ ಬಂದವರಿಗೆ ಕೊಟ್ಟು ಚಪ್ಪರ ಬಿಚ್ಚಲಿ. ಹೇಳಿದರೆ ಸಾಹುಕಾರರು ನಿಮ್ಮ ಮುಖ ನೋಡಲಿಕ್ಕಿಲ್ಲ, ಪೇಟೆಯ ಅರ್ಧ ಜನ ಅಂಗಡಿಗೆ ಬಟ್ಟೆ ತರಲಿಕ್ಕಿಲ್ಲ. ಗೊತ್ತು. ಹೇಳದಿದ್ದರೆ ನಾನು ಬರುವುದಿಲ್ಲ, ಇವತ್ತಲ್ಲ, ಎಂದೂ ಇಲ್ಲ. ಎರಡರಲ್ಲಿ ಯಾವುದು ಕಷ್ಟ ಎಂದು ನೀವೇ ತೂಗಿ ನೋಡಿ.

ಎದೆನೋವಿನ ಕಷಾಯದ ಪುಡಿ ಮುಗಿದಿದ್ದರೆ ಗೋಡೆಯ ಗೂಡಿನಲ್ಲಿ ಇನ್ನೊಂದು ಡಬ್ಬಿ ಇದೆ. ಇದನ್ನು ಬರೆದೆ ಎಂದು ಸಿಟ್ಟು ಇಳಿಯಿತು ಎಂದು ತಿಳಿಯಬೇಡಿ.

ಇಂತಿ,
ಇನ್ನೂ ನಿಮ್ಮ ಹೆಂಡತಿಯೇ ಆಗಿರುವ
ಗುರುಶಾಂತವ್ವ

ತಾ. ಕ.: ಪಾರ್ವತವ್ವ ಗುಡಿಯಲ್ಲಿ ಹೇಳಿದ್ದರಲ್ಲಿ ಟುವಾಲಿನೊಳಗಿನ ಮಾತು ಮಾತ್ರ ನನಗೆ ಹೊಸದು. ಗೆದ್ದ ಮರುದಿನ ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ, ಐನೂರು ರೂಪಾಯಿ ಒಟ್ಟಿಗೆ ಹೇಗೆ ಕಾಣುತ್ತದೆ ನೋಡೋಣ ಎಂಬ ಆಸೆಗೆ ಲಕೋಟೆಯನ್ನು ಅನ್ನದ ಹಬೆಗೆ ಹಿಡಿದು ಬಿಚ್ಚಿದ್ದೆ. ಒಳಗೆ ಮಡಿಸಿದ ಹಳೆಯ ಹ್ಯಾಂಡ್‌ಬಿಲ್ಲುಗಳಿದ್ದವು. ಎಲ್ಲದರ ಮೇಲೂ ‘ಖಾತ್ರಿ’ ಎಂದಿತ್ತು. ಅನ್ನದ ಅಗುಳು ಹಚ್ಚಿ ಮತ್ತೆ ಅಂಟಿಸಿಟ್ಟೆ. ಬ್ಯಾಂಕು, ವೆಂಕಟ್ರಮಣ, ಲಾರಿ, ಎಲ್ಲ ಕೇಳಿಸಿಕೊಳ್ಳುವಾಗಲೂ ನನಗೆ ಗೊತ್ತಿತ್ತು. ಬರುವುದಿಲ್ಲ ಎಂದು ಗೊತ್ತಿದ್ದೇ ಆ ಮಿಷನ್ನಿಗೆ ರಂಗೋಲಿ ಹಾಕಿದೆ, ಅದನ್ನು ನೋಡಿಯಾದರೂ ನಿಮ್ಮ ಬಾಯಿಂದ ನಿಜ ಬಂದೀತು ಎಂದು. ಬಂದಿದ್ದರೆ ಊರಿಗೆ ನಿಮಗಿಂತ ಚೆನ್ನಾಗಿ ನಾನೇ ಸುಳ್ಳು ಹೇಳುತ್ತಿದ್ದೆ.

ಲಕೋಟೆಗಾಗಿ ಟ್ರಂಕು ತಡಕಬೇಡಿ, ನನ್ನ ಹತ್ತಿರ ಇದೆ. ಪಂದ್ಯದ ಮೊದಲ ದಿನ ಮಧುವಿನ ಜೊತೆ ಬಂದು ಹೆಂಗಸರ ಸಾಲಿನಲ್ಲಿ ಕೂತಿರುತ್ತೇನೆ. ನೀವು ಎದ್ದು ನಿಂತರೆ ಅದು ನನ್ನ ಚೀಲದಲ್ಲೇ ಇರುತ್ತದೆ, ಸಂಜೆ ನಮ್ಮ ಮನೆಯ ಒಲೆಗೆ ಹೋಗುತ್ತದೆ. ನೀವು ಕೂತೇ ಇದ್ದರೆ ನಾನು ಎದ್ದು ಬಂದು ಬೋರ್ಡಿನ ಮೇಲೆ ಬಿಚ್ಚುತ್ತೇನೆ. ಅನ್ನದ ಅಂಟು, ಹೆಚ್ಚು ಹೊತ್ತು ಬೇಕಾಗುವುದಿಲ್ಲ.