ಎಲೆಗುವಾನ ಪಾಲಿನ ರಮ್ಮು

ಮಾರ್ಚ್ ೧೪, ಹವಾನಾ

ಬಾಗಿಲ ಹಿಂದಿನ ಎಲೆಗುವಾನಿಗೆ ಇವತ್ತು ಬರೀ ಚುಟ್ಟದ ಹೊಗೆ. ದಾರಿ ಕಾಯುವ ದೇವರು. ಹೊಗೆಯ ಜೊತೆ ರಮ್ಮು ಇಲ್ಲದಿದ್ದರೆ ಮುನಿಯುತ್ತಾನೆ. ಅದೂ ಅಣ್ಣ ಓಸ್ನಿಯೆಲ್ ದೋಣಿಯಲ್ಲಿ ಸಮುದ್ರ ದಾಟಲು ಹೊರಟ ದಿನವೇ.

ಮಧ್ಯಾಹ್ನ ನಾನು ಮಾರುವ ಚುಟ್ಟದ ರುಚಿ ನೋಡಲು ಮನೆಗೆ ಬಂದ ಪರದೇಶದವರಿಗೆ ದೇವರ ಸೀಸೆಯನ್ನೇ ಬಗ್ಗಿಸಿಬಿಟ್ಟೆ. ಊರಿನ ಯಾವ ಅಂಗಡಿಯಲ್ಲೂ ಒಂದು ಹನಿ ರಮ್ಮು ಇರಲಿಲ್ಲ, ಏನು ಮಾಡಲಿ?

"ಈ ಚುಟ್ಟಕ್ಕೆ ಈ ರಮ್ಮು, ಹೇಳಿ ಮಾಡಿಸಿದ ಜೋಡಿ" ಅಂದ ಅವರಲ್ಲೊಬ್ಬ. ಆಗದೆ ಏನು, ಎರಡೂ ದೇವರ ಪಾಲಿನವೇ.

ಆಮೇಲೆ ಅಮ್ಮ ಮಂಚದಿಂದಲೇ ಕೇಳಿದಳು, "ಅವನಿಗೆ ರಮ್ಮು ಇಟ್ಟೆಯೇನೇ?"

"ಇಟ್ಟೆ, ಮಲಕ್ಕೋ."

"ಹಾಗಾದ್ರೆ ಹುಡುಗ ದಡ ಮುಟ್ತಾನೆ ಬಿಡು" ಅಂದವಳು ಆಗಲೇ ಗೊರಕೆ ಹೊಡೆಯುತ್ತಿದ್ದಾಳೆ.

ಗಾಳಿ ಎದ್ದಿದೆ. ಬಾಗಿಲು ಒಂದೇ ಸಮನೆ ಬಡಿದುಕೊಳ್ಳುತ್ತಿದೆ. ಎದ್ದು ಚಿಲಕ ಹಾಕಬೇಕು. ಆದರೆ ಅದರ ಹಿಂದೆಯೇ ಅವನು ಕೂತಿದ್ದಾನೆ.