ಸುತ್ತುವ ಚಕ್ರಕ್ಕೆ ಬ್ರೇಕು

ಭಾವಾ,

ಪತ್ರದ ಮೊದಲ ಸಾಲಿನಲ್ಲಿ ಕ್ಷೇಮ ಕೇಳಬೇಕು. ಅದನ್ನು ಬಿಟ್ಟು ಎರಡನೆಯ ಸಾಲಿನಿಂದ ಶುರು ಮಾಡುತ್ತೇನೆ. ಗಾಡಿ ತೆಗೆದುಕೊಂಡಿದ್ದೇನೆ. ಸೆಕೆಂಡ್ ಹ್ಯಾಂಡ್, ಫೋರ್ ವೀಲ್ ಡ್ರೈವ್. ಓಡಿಸುವವನೂ ನಾನೇ. ನಗಬೇಡಿ. ಪುತ್ತೂರಿನ ಡ್ರೈವಿಂಗ್ ಸ್ಕೂಲಿನಲ್ಲಿ ಕಾಲೇಜು ಹುಡುಗಿಯರ ನಡುವೆ ಐವತ್ತೊಂದು ವರ್ಷದ ನಾನು ಸರದಿಗೆ ಕಾದು ಕಲಿತೆ. ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ದಸ್ತಾವೇಜು ಬರೆಯುವವ ನಾನು ಎಂದು ಕಲಿಸುವವನಿಗೆ ಎರಡನೆಯ ದಿನವೇ ಗೊತ್ತಾಯಿತು. "ಎಂತ ರೈಟರೇ, ಕ್ಲಚ್ಚು ಬಿಡ್ಲಿಕ್ಕೆ ಎರಡು ಸಾಕ್ಷಿ ಬೇಕಾ?" ಎಂದು ಅವ ಕೇಳಿದಾಗ ಹಿಂದಿನ ಸೀಟಿನ ಹುಡುಗಿಯರೆಲ್ಲ ನಕ್ಕರು. ನೀವಿದ್ದಿದ್ದರೆ ಈ ಮಾತನ್ನು ಸುಳ್ಯದವರೆಗೆ ಹೊತ್ತುಕೊಂಡು ಹೋಗಿ ಅಕ್ಕನಿಗೆ ಹೇಳುತ್ತಿದ್ದಿರಿ.

ಕಬಕದಲ್ಲಿ ಅಶ್ರಫನ ಹಳೆ ಗಾಡಿಗಳ ಅಂಗಳಕ್ಕೆ ನಾವಿಬ್ಬರೂ ಹೋದ ದಿನ ನೆನಪಿದೆಯಲ್ಲ? ನಿಮ್ಮ ಜೀಪಿನ ಚಾಸಿಸ್ಸಿಗೆ ತುಕ್ಕು ಹಿಡಿದು, ವೆಲ್ಡಿಂಗಿನವ ಕೈಚೆಲ್ಲಿದ ಮೇಲೆ ಹೋದದ್ದು. ಅಲ್ಲಿ ಎರಡು ಗಾಡಿಗಳಿದ್ದವು. ಒಂದು ಗುಂಡ್ಯದವರೊಬ್ಬರು ಓಡಿಸುತ್ತಿದ್ದ ಹಳೆಯ ಜೀಪು. ಫೋರ್ ವೀಲಿಗೆ ಲಿವರ್ ಎಳೆಯುವಂಥದ್ದು. ಇನ್ನೊಂದು ಕೆಲವೇ ವರ್ಷ ಓಡಿದ್ದು, ಚಕ್ರ ಜಾರದಂತೆ ತಾನೇ ನೋಡಿಕೊಳ್ಳುವ ಟ್ರಾಕ್ಷನ್ ಕಂಟ್ರೋಲ್ ಇದ್ದದ್ದು. ನಾನು ಎರಡನೆಯದರ ಜೊತೆಗಿದ್ದ ಪುಸ್ತಕವನ್ನು ಅಲ್ಲೇ ನಿಂತು ಹನ್ನೆರಡು ಪುಟ ಓದಿ, ಇದೇ ಆಗಬೇಕು ಎಂದೆ. ನೀವು ಮೊದಲನೆಯದರ ಬಾನೆಟ್ಟಿಗೆ ಒರಗಿ, "ಅದು ಯಾಕೆ ಮಾರಾಯ? ಕೆಳಗೆ ಇಳಿದು ಕಲ್ಲು ಕೊಡ್ಲಿಕ್ಕೆ ನೀನಿಲ್ವಾ?" ಎಂದಿರಿ. ಮುಂದಿನ ಆದಿತ್ಯವಾರ ತೀರ್ಮಾನ ಮಾಡುವ ಎಂದು ಹೊರಟೆವು. ಆ ಆದಿತ್ಯವಾರದ ಹಿಂದಿನ ದಿನ ಬೆಳಿಗ್ಗೆ ನೀವು ಜಗಲಿಯಲ್ಲಿ ಚಾ ಲೋಟ ಹಿಡಿದು ಕೂತವರು, ಕೂತಲ್ಲೇ...

ಕಲ್ಲು ಕೊಡುವುದು. ಈ ಎರಡು ಶಬ್ದಗಳನ್ನು ಎಷ್ಟು ವರ್ಷ ಕೇಳಿದೆ! ಪ್ರತಿ ಜನವರಿಯಲ್ಲಿ ರಬ್ಬರ್ ಮರಗಳು ಎಲೆ ಉದುರಿಸಿ ಚಿಗುರುವ ಹೊತ್ತಿಗೆ ನಿಮ್ಮ ಇಪ್ಪತ್ತೆರಡು ಜೇನುಪೆಟ್ಟಿಗೆಗಳನ್ನು ಸುಳ್ಯದ ಮನೆಯಿಂದ ಕೋಡಿಂಬಾಳದ ಗುಡ್ಡದ ತೋಟಕ್ಕೆ ಸಾಗಿಸುತ್ತಿದ್ದೆವು. ರಬ್ಬರಿನ ಜೇನು ಹೂವಿನದ್ದಲ್ಲ, ಎಳೆ ಎಲೆಯ ತೊಟ್ಟಿನದ್ದು ಎಂದು ನನಗೆ ಹೇಳಿಕೊಟ್ಟವರು ನೀವು. ಆ ಏರಿನಲ್ಲಿ ಒಣಗಿದ ರಬ್ಬರೆಲೆ ಮೀನಖಂಡದವರೆಗೆ ಬಿದ್ದಿರುತ್ತಿತ್ತು. ಮಳೆಗಾಲದ ಕೆಸರಿಗಿಂತ ಅದು ಕಷ್ಟ ಎಂದು ಗುಡ್ಡ ಹತ್ತದವರಿಗೆ ಹೇಳಿದರೆ ನಂಬುವುದಿಲ್ಲ. ಅರ್ಧದಲ್ಲಿ ಚಕ್ರ ಸುತ್ತತೊಡಗುತ್ತಿತ್ತು. ನಾನು ಹಾರಿ ಇಳಿದು, ಯಾವ ಚಕ್ರ ಸುತ್ತುತ್ತದೆಂದು ನೋಡಿ ಕೂಗಬೇಕು, ಗಾಡಿ ಹಿಂದಕ್ಕೆ ಜಾರದಂತೆ ಕಲ್ಲು ಇಡಬೇಕು. "ಭಾವ, ಕಲ್ಲು ಕೊಡು! ಬೇಗ ಕೊಡು! ಓದ್ತಾ ಕೂರ್ಬೇಡ ಅಲ್ಲಿ!" ಎಂದು ನೀವು ಸ್ಟೇರಿಂಗ್ ಹಿಡಿದುಕೊಂಡೇ ಬೊಬ್ಬೆ ಹಾಕುತ್ತಿದ್ದಿರಿ.

ಅಂಥ ಒಂದು ಬೆಳಿಗ್ಗೆ ನಿಮ್ಮ ಕಾಲುಗಳನ್ನು ನಾನು ಕಿಟಕಿಯಿಂದ ನೋಡಿದೆ. ಬಲಗಾಲು ಆಕ್ಸಿಲರೇಟರಿನ ಮೇಲೆ, ಎಡಗಾಲು ಬ್ರೇಕಿನ ಮೇಲೆ. ಎರಡನ್ನೂ ಒಟ್ಟಿಗೆ ಒತ್ತುತ್ತಿದ್ದಿರಿ. ನನಗೆ ಆಗ ಓಡಿಸಲಿಕ್ಕೆ ಬಾರದು. ಆದರೆ ಓದಲಿಕ್ಕೆ ಬರುತ್ತಿತ್ತು. "ಅದು ತಪ್ಪು ಭಾವ, ಹಾಗೆ ಮಾಡಬಾರದು ಅಂತ ಪುಸ್ತಕದಲ್ಲಿ ಉಂಟು" ಎಂದೆ. "ನಿನ್ನ ಪುಸ್ತಕದಲ್ಲಿ ಗುಡ್ಡ ಉಂಟಾ?" ಎಂದಿರಿ. ಗಾಡಿ ಹತ್ತಿತು. ಆದರೂ ಪ್ರತಿ ವರ್ಷ ನಾನು ಅದೇ ತಪ್ಪನ್ನು ಎತ್ತಿ ತೋರಿಸಿದೆ, ನೀವು ಅದೇ ಪ್ರಶ್ನೆ ಕೇಳಿದಿರಿ. ಹಾಗೆ ಒತ್ತುವುದಕ್ಕೆ ಕಾರಣವೇನೆಂದು ನೀವು ಹೇಳಲಿಲ್ಲ. ನಿಮಗೂ ಗೊತ್ತಿತ್ತೋ, ಇಲ್ಲ ಕಾಲಿಗೆ ಮಾತ್ರ ಗೊತ್ತಿತ್ತೋ?

ಪೆಟ್ಟಿಗೆ ಇಳಿಸಿದ ಮೇಲೆ ನೀವು ಜೇನುಗಳ ಬಾಗಿಲು ತೆರೆಯುತ್ತ ಹೋಗುವಾಗ ನಾನು ಮರದ ಬುಡದಲ್ಲಿ ಕೂತು ಕಾದಂಬರಿ ಓದುತ್ತಿದ್ದೆ. ಯಾವುದೋ ದೂರದ ದೇಶದ್ದು, ಕನ್ನಡಕ್ಕೆ ಬಂದದ್ದು. ಒಮ್ಮೆ ನಿಮಗೆ ಹೇಳಿದ್ದೆ: ಇಂಥ ಪುಸ್ತಕಗಳಲ್ಲಿ ಅಕ್ಕನ ಗಂಡ ಯಾರು, ಹೆಂಡತಿಯ ತಮ್ಮ ಯಾರು ಎಂದು ತಿಳಿಯಲಿಕ್ಕೆ ನಾನು ನಾಲ್ಕು ಪುಟ ಹಿಂದೆ ಹೋಗಬೇಕಾಗುತ್ತದೆ, ಅವರಲ್ಲಿ ಎರಡಕ್ಕೂ ಒಂದೇ ಶಬ್ದವಂತೆ ಎಂದು. ನೀವು ಹೊಗೆ ಹಾಕುತ್ತಿದ್ದಲ್ಲಿಂದಲೇ, "ನಮ್ಮಲ್ಲಿ ಮತ್ತೆ? ನೀನೂ ಭಾವ, ನಾನೂ ಭಾವ. ಯಾರು ಕರೆದದ್ದು, ಯಾರು ಓಗೊಟ್ಟದ್ದು ಅಂತ ಜೇನಿಗೂ ಗೊತ್ತಾಗುದಿಲ್ಲ" ಎಂದಿರಿ. ನಿಜ. ಹೆಂಡತಿಯಿಲ್ಲ, ಬೇರೆ ಅಕ್ಕ ತಂಗಿಯರಿಲ್ಲ. ನನ್ನನ್ನು ಹಾಗೆ ಕರೆಯುವವರು ನೀವೊಬ್ಬರೇ ಇದ್ದಿರಿ. ಈಗ ಪುತ್ತೂರಿನಲ್ಲಿ ನಾನು ರೈಟರ್, ಬಾಡಿಗೆ ಮನೆಯ ಓನರಿಗೆ ಸರ್, ಅಕ್ಕನಿಗೆ ತಮ್ಮ. ಆ ಒಂದು ಶಬ್ದವನ್ನು ಯಾರೂ ನನ್ನ ಕಡೆಗೆ ಎಸೆಯುವುದಿಲ್ಲ.

ನಿಮ್ಮ ಹದಿಮೂರನೆಯ ದಿನದ ಊಟ ಮುಗಿದು ನೆಂಟರು ಹೋದ ಮೇಲೆ ಅಕ್ಕ ನನ್ನನ್ನು ಪೆಟ್ಟಿಗೆಗಳ ಹತ್ತಿರ ಕರೆದುಕೊಂಡು ಹೋದಳು. "ಇದನ್ನೆಂತ ಮಾಡುದು?" ಎಂದಳು. ನಾನು ನೋಡಿಕೊಳ್ಳುತ್ತೇನೆ ಎಂದೆ. ಅವಳು ನನ್ನ ಕೈಗಳನ್ನು ನೋಡಿದಳು. ಪೆನ್ನು ಹಿಡಿಯುವ ಕೈಗಳು. "ನೋಡು ತಮ್ಮ, ನನಗೆ ಮಂಡಿನೋವು, ಬರ್ಲಿಕ್ಕೆ ಆಗುದಿಲ್ಲ. ಜನ ಇವತ್ತು ಸಿಗ್ತಾರೆ, ನಾಳೆ ಇಲ್ಲ. ನೀನು ಒಬ್ಬನೇ ಹತ್ತಿಸ್ಲಿಕ್ಕೆ ಆಗ್ತದಾದ್ರೆ ಇಟ್ಟುಕೋ. ಇಲ್ಲದಿದ್ರೆ ರಬ್ಬರ್ ಚಿಗುರುವ ಮೊದಲು ಯಾರಿಗಾದ್ರೂ ಕೊಟ್ಟುಬಿಡುವ." ಅವಳು ಹೇಳಿದ್ದು ಸರಿಯಿತ್ತು. ಬಾಗಿಲು ಮುಚ್ಚಿದ ಪೆಟ್ಟಿಗೆಗಳ ಸಮೇತ ಗಾಡಿ ಏರಿನಲ್ಲಿ ಸಿಕ್ಕಿಕೊಂಡು ಬಿಸಿಲು ಏರಿದರೆ, ಎರಿಯ ಮೇಣ ಕರಗಿ ಜೇನುಗಳು ಒಳಗೇ ಸಾಯುತ್ತವೆ. ನಿಮ್ಮ ಕೈಯಲ್ಲಿ ಒಂದು ಪೆಟ್ಟಿಗೆಯೂ ಹಾಗೆ ಹೋದದ್ದಿಲ್ಲ. ನನ್ನ ಕೈಯಲ್ಲಿ ಹೋದರೆ?

ಲೈಸೆನ್ಸ್ ಸಿಕ್ಕಿದ ವಾರ ಅಶ್ರಫನ ಹತ್ತಿರ ಹೋದೆ. ಎರಡು ಗಾಡಿಗಳೂ ಅಲ್ಲೇ ಇದ್ದವು. ನಿಮ್ಮ ಇಷ್ಟದ ಹಳೆಯದರಲ್ಲಿ ಮೊದಲು ಕೂತೆ. ಡೀಸೆಲ್, ರೆಕ್ಸಿನ್, ಯಾರದೋ ಬೀಡಿಯ ವಾಸನೆ. ಅದನ್ನೇ ತೆಗೆದುಕೊಳ್ಳಬೇಕೆಂದು ಆಸೆಯಾಯಿತು. ನಿಮ್ಮ ಮಾತು ಉಳಿಯಲಿ ಎಂದು. ನಮ್ಮ ಹಳೆಯ ಚರ್ಚೆಯನ್ನು ಅಶ್ರಫನ ಮುಂದಿಟ್ಟೆ. ಅವ ಗಾಡಿ ಮಾರುವವನಂತೆ ಮಾತಾಡಲಿಲ್ಲ. "ಮೊದಲು ಟಯರ್ ನೋಡ್ಬೇಕು ಮಾರಾಯ್ರೆ. ಟಯರ್ ಬೋಳಾದ್ರೆ ಯಾವ ಕಂಟ್ರೋಲೂ ಇಲ್ಲ. ಮತ್ತೆ, ಎಲ್ಲ ಟ್ರಾಕ್ಷನ್ ಕಂಟ್ರೋಲೂ ಒಂದೇ ಅಲ್ಲ. ಕೆಲವು ಚಕ್ರ ಸುತ್ತಿದ ಕೂಡಲೇ ಇಂಜಿನಿನ ಜೋರು ಕಡಿಮೆ ಮಾಡ್ತವೆ. ರೋಡಿಗೆ ಅದು ಒಳ್ಳೆದು, ಗುಡ್ಡದಲ್ಲಿ ಉಪದ್ರ. ಬಟನ್ ಒತ್ತಿ ಆಫ್ ಮಾಡ್ಬೇಕು. ಇದು ಹಾಗಲ್ಲ. ಇದು ಸುತ್ತುವ ಚಕ್ರಕ್ಕೆ ಮಾತ್ರ ಬ್ರೇಕು ಹಿಡಿತದೆ. ಆಗ ನೆಲ ಸಿಕ್ಕಿದ ಚಕ್ರಕ್ಕೆ ಶಕ್ತಿ ಹೋಗ್ತದೆ."

ನಾನು ಅಲ್ಲೇ ನಿಂತುಬಿಟ್ಟೆ, ಭಾವ. ಬ್ರೇಕು ಹಿಡಿಯುತ್ತದೆ. ಇಂಜಿನು ಓಡುತ್ತಿರುವಾಗಲೇ. ನಾನು ವರ್ಷವರ್ಷವೂ ತಪ್ಪೆಂದು ಹೇಳಿದ್ದನ್ನು ಈ ಗಾಡಿಯೊಳಗೆ ಯಾರೋ ಓದಿದವರು ಕೂರಿಸಿದ್ದಾರೆ. ನಿಮ್ಮ ಎಡಗಾಲಿಗೆ ಒಂದೊಂದು ಚಕ್ರವನ್ನು ಬೇರೆಬೇರೆಯಾಗಿ ಹಿಡಿಯಲು ಆಗುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಇದನ್ನು ನಿಮಗೆ ಹೇಳಿ, ತಪ್ಪಾಯಿತು ಎನ್ನಬೇಕಿತ್ತು. ನೀವು ಅದನ್ನು ಒಂದು ವರ್ಷವಾದರೂ ಊರಿಡೀ ಸಾರುತ್ತಿದ್ದಿರಿ. ಸಾರಬೇಕಿತ್ತು.

"ಹಾಗಾದ್ರೆ ಇದು ಬೇಕೇಬೇಕಾ?" ಎಂದು ಕೇಳಿದೆ. ಅಶ್ರಫ್ ತಲೆ ತುರಿಸಿಕೊಂಡ. "ಅದು ಗಾಡಿ ನೋಡಿ ಹೇಳುದಲ್ಲ. ಗುಡ್ಡಕ್ಕೆ ಎಷ್ಟು ಜನ ಹೋಗುದು? ಇಬ್ಬರಾದ್ರೆ ಹಳೆಯದೇ ಸಾಕು. ಒಬ್ಬ ಓಡಿಸ್ತಾನೆ, ಒಬ್ಬ ಇಳಿದು ನೋಡ್ತಾನೆ. ಒಬ್ಬರೇ ಆದ್ರೆ ಇದು ಬೇಕು." ಮತ್ತೆ ನನ್ನ ಹಿಂದೆ ನೋಡಿ, "ನಿಮ್ಮ ಭಾವ ಎಲ್ಲಿ? ಪಾರ್ಕ್ ಮಾಡಿ ಬರ್ತಾರಾ?" ಎಂದ. ಅವನಿಗೆ ಸುದ್ದಿ ಮುಟ್ಟಿರಲಿಲ್ಲ. "ಒಬ್ಬನೇ" ಎಂದೆ. ಎರಡು ಪ್ರಶ್ನೆಗೂ ಅದೇ ಉತ್ತರವಾಯಿತು.

ಗಾಡಿಯನ್ನು ಗುಡ್ಡದಲ್ಲಿ ಹತ್ತಿಸಿ ನೋಡದೆ ಮಾತು ಕೊಡುವುದಿಲ್ಲ ಎಂದೆ. ಅವ ಕೋಡಿಂಬಾಳದವರೆಗೂ ಜೊತೆಗೆ ಬಂದ. ಕೀ ತಿರುಗಿಸಿದಾಗ ಎದುರಿನ ಟ್ರಾಕ್ಷನ್ ಕಂಟ್ರೋಲಿನ ದೀಪ ಒಮ್ಮೆ ಹೊತ್ತಿ ಆರಬೇಕು. ಹೊತ್ತದಿದ್ದರೂ ಅನುಮಾನ, ಆರದಿದ್ದರೂ ಅನುಮಾನ ಎಂದು ತೋರಿಸಿಕೊಟ್ಟ. ಏರಿನ ಬುಡದಲ್ಲಿ ತಾನೇ ಇಳಿದು, "ಒಬ್ಬರೇ ಹೋಗುವ ಗಾಡಿಯನ್ನು ಒಬ್ಬರೇ ಹತ್ತಿಸಿ ನೋಡ್ಬೇಕು" ಎಂದು ಕೈಕಟ್ಟಿ ನಿಂತ. ಹೋದೆ. ಎಲೆಯ ರಾಶಿಯಲ್ಲಿ ಮುಂದಿನ ಒಂದು ಚಕ್ರ ಸುತ್ತತೊಡಗಿತು, ಹಿಂದಿನದೂ. ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಡಿ ಎಂದು ಅಶ್ರಫ್ ಹೇಳಿದ್ದ, ತೆಗೆಯಲಿಲ್ಲ. ಎದುರಿನ ದೀಪ ಮಿಣುಕಿತು, ಕೆಳಗೆ ಎಲ್ಲೋ ಕಟಕಟ ಶಬ್ದವಾಯಿತು, ಗಾಡಿ ಒಮ್ಮೆ ನಡುಗಿ ಮೆಲ್ಲಗೆ ಮುಂದೆ ಹೋಯಿತು. ಅಷ್ಟೇ. ಯಾರೂ ಕೂಗಲಿಲ್ಲ. ಯಾರೂ ಬೈಯಲಿಲ್ಲ. ಗುಡ್ಡದ ತಲೆಯಲ್ಲಿ ಇಂಜಿನು ನಿಲ್ಲಿಸಿದಾಗ ಇಷ್ಟೊಂದು ಮೌನವಾಗಿ ಇಲ್ಲಿಗೆ ಬರಲಿಕ್ಕೆ ಆಗುತ್ತದೆಂದು ಮೊದಲ ಸಲ ತಿಳಿಯಿತು.

ಅಕ್ಕನಿಗೆ ಅಲ್ಲಿಂದಲೇ ಫೋನು ಮಾಡಿದೆ. "ಹತ್ತಿತಾ?" ಎಂದಳು. ಹತ್ತಿತು ಎಂದೆ. "ಒಟ್ಟಿಗೆ ಯಾರುಂಟು?" "ಯಾರೂ ಇಲ್ಲ." "ಹಾಗಾದ್ರೆ ಪೆಟ್ಟಿಗೆ ಕೊಡುದು ಬೇಡ" ಎಂದಳು. ಯಾರೂ ಇಲ್ಲ ಎಂಬುದು ಅವತ್ತು ನಾನು ಕೊಡಬೇಕಾಗಿದ್ದ ಸರಿಯುತ್ತರವಾಗಿತ್ತು.

ಹಿಂದಿನ ಸೀಟು ಮಡಚಿದರೆ ಆರು ಪೆಟ್ಟಿಗೆ ಹಿಡಿಯುತ್ತದೆ. ನಾಲ್ಕು ಬೆಳಿಗ್ಗೆ ಹೋಗಿ ಇಪ್ಪತ್ತೆರಡನ್ನೂ ಮುಟ್ಟಿಸಿದೆ. ಒಂದು ಪೆಟ್ಟಿಗೆಯ ಜೇನೂ ಸಾಯಲಿಲ್ಲ. ಹಸಿ ಇಟ್ಟಿಗೆಯ ಬಣ್ಣದ ಚಿಗುರು ಬಂದು, ಈಗ ಹಸುರಾಗಿದೆ. ನಾನು ಹೊಗೆಯನ್ನು ಜಾಸ್ತಿ ಹಾಕುತ್ತೇನೆ, ಏಳು ಕಡೆ ಕಚ್ಚಿಸಿಕೊಂಡಿದ್ದೇನೆ. ಕಾದಂಬರಿ ಕೊಂಡುಹೋಗುವುದನ್ನು ಬಿಟ್ಟಿದ್ದೇನೆ. ಎರಡೂ ಕೆಲಸ ಒಬ್ಬನಿಗೆ ಆಗುವುದಿಲ್ಲ.

ನಿಮಗೆ ತಿಳಿಯದ ಸುದ್ದಿ ಇದು: ನಿನ್ನೆ ಈ ವರ್ಷದ ಮೊದಲ ಜೇನು ತೆಗೆದೆ. ಒಂದು ಕ್ಯಾನು ತುಂಬಿತು. ಹಿಂದೆ ಇಟ್ಟರೆ ಇಳಿಜಾರಿನಲ್ಲಿ ಉರುಳೀತೆಂದು ನನ್ನ ಪಕ್ಕದ ಸೀಟಿನಲ್ಲಿ ಇಟ್ಟೆ. ಗಾಡಿ ಹೊರಟದ್ದೇ ಟಿಂಗ್ ಟಿಂಗ್ ಎಂದು ಬಡಿದುಕೊಳ್ಳತೊಡಗಿತು. ಏನು ಕೆಟ್ಟಿತೋ ಎಂದು ಹೆದರಿ ನಿಲ್ಲಿಸಿ ಗಾಡಿಯ ಪುಸ್ತಕ ತೆಗೆದು ನೋಡಿದೆ. ಆ ಸೀಟಿನ ಮೇಲೆ ಭಾರ ಬಿದ್ದರೆ, ಅಲ್ಲಿ ಒಬ್ಬರು ಕೂತಿದ್ದಾರೆಂದು ಗಾಡಿ ತಿಳಿದುಕೊಳ್ಳುತ್ತದಂತೆ. ಬೆಲ್ಟು ಹಾಕುವವರೆಗೆ ಬಿಡುವುದಿಲ್ಲವಂತೆ. ಕ್ಯಾನನ್ನು ಇಳಿಸಿ ಕೆಳಗೆ ಇಡಬಹುದಿತ್ತು. ಇಡಲಿಲ್ಲ. ಬೆಲ್ಟನ್ನು ಎಳೆದು, ಅದರ ಸುತ್ತ ತಂದು, ಕ್ಲಿಪ್ಪು ಒತ್ತಿದೆ. ಸದ್ದು ನಿಂತಿತು. ಆಮೇಲೆ ನಾವು ಗುಡ್ಡ ಇಳಿದೆವು.