ಕತ್ತರಿಸದ ಒಂಬತ್ತು ಸೆಕೆಂಡು

ಅರಕಲಗೂಡು
ಮಂಗಳವಾರ

ಸ್ಮಿತಾ ಅವರಿಗೆ ನಮಸ್ಕಾರ.

ತೀರಿಹೋದ ನಿಮ್ಮ ತಂದೆ ಮರಿಯಣ್ಣನವರ ದನಿ ನಿಮ್ಮ ಮದುವೆಯ ವಿಡಿಯೊದಲ್ಲಿ ಎಲ್ಲಿಯೂ ಇಲ್ಲವೇಕೆ ಎಂದು ಕೇಳಿದ್ದಿರಿ. ಎಡಿಟ್ ಮಾಡುವಾಗ ನಾವು ಮಂಟಪದ ಸದ್ದನ್ನೆಲ್ಲ ತೆಗೆದು ಸಿನಿಮಾ ಹಾಡು ಕೂರಿಸುತ್ತೇವೆ. ಧಾರೆಯ ಹೊತ್ತಿನಲ್ಲಿ ಅವರ ತುಟಿ ಆಡುವುದು ಕಾಣುತ್ತದೆ, ಕೇಳುವುದು ಹಾಡು. ಎಡಿಟ್ ಮಾಡದ ಮೂಲ ವಿಡಿಯೊವನ್ನು ಆರು ತಿಂಗಳ ಮೇಲೆ ಅಳಿಸಿ, ಆ ಹಾರ್ಡ್‌ಡಿಸ್ಕನ್ನು ಬೇರೆ ಮದುವೆಗೆ ಬಳಸಿಬಿಟ್ಟೆ. ತಪ್ಪು ನನ್ನದೇ.

ಡ್ರಾಯರಿನಲ್ಲಿದ್ದ ಒಂದು ಮೆಮೊರಿ ಕಾರ್ಡಿನಲ್ಲಿ ಒಂದೇ ಒಂದು ತುಣುಕು ಸಿಕ್ಕಿದೆ. ಕೊಣನೂರಿನ ಛತ್ರದಲ್ಲಿ ಊಟಕ್ಕೆ ಕೂತಾಗ ನಾನು ಕ್ಯಾಮೆರಾ ಆಫ್ ಮಾಡಲು ಮರೆತಿದ್ದೆ. ಕಾಣುವುದು ನೆಲ ಮತ್ತು ಯಾರದೋ ಚಪ್ಪಲಿ. ಹಿಂದಿನಿಂದ ನಿಮ್ಮ ತಂದೆ ಯಾರಿಗೋ ಹೇಳುತ್ತಾರೆ:

“ನನ್ ಮಾತು ಮೀರಿ ಓಯ್ತಾವ್ಳೆ ಕಣ್ಲಾ. ಓಗ್ಲಿ, ಉಂಡ್ಳಾ ಕೇಳ್ಲಾ. ಬರೀ ವಟ್ಟೇಲಿ ಕಳಿಸ್ಬ್ಯಾಡ.”

ಮೊದಲ ಮಾತು ನಿಮ್ಮನ್ನು ನೋಯಿಸೀತೆಂದು ಅದನ್ನು ಕತ್ತರಿಸಿದೆ. ಒಂಬತ್ತು ಸೆಕೆಂಡು ಐದಾಯಿತು. ಹಾಕಿ ಕೇಳಿದೆ. ಉಳಿದದ್ದು ಯಾವ ತಂದೆಯಾದರೂ ಆಡಬಹುದಾದ ಮಾತಾಗಿತ್ತು. ಇಪ್ಪತ್ತು ವರ್ಷದಿಂದ ಕತ್ತರಿಸುತ್ತಿದ್ದೇನೆ, ಕೈ ಹೀಗೆ ಹಿಂಜರಿದದ್ದು ಕಡಿಮೆ.

ಎರಡನ್ನೂ ಈ ಪೆನ್‌ಡ್ರೈವಿನಲ್ಲಿ ಹಾಕಿದ್ದೇನೆ. ತಿಥಿಯ ದಿನ ನೆಂಟರ ಮುಂದೆ ಚಿಕ್ಕದನ್ನು ಹಾಕಿ. ದೊಡ್ಡದನ್ನು ನೀವೊಬ್ಬರೇ ಕೇಳಿ. ಕೇಳುವ ಮೊದಲು ದಯವಿಟ್ಟು ಊಟ ಮುಗಿಸಿರಿ.

ನಿಮ್ಮ ಮದುವೆಯ ಕ್ಯಾಮೆರಾದವನು,
ರವೀಶ್